ನಾಲ್ಕು ಡಾಲರಿನ ವರ್ಷಾಶನ

ಹ್ಯೂರಾನ್ ಮತ್ತು ಸುಪೀರಿಯರ್ ಸರೋವರಗಳ ಉತ್ತರದ ದಂಡೆಯಲ್ಲಿ, ಅಂದರೆ ಇಂದಿನ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ, ಅನಿಷಿನಾಬೆ ಎಂಬ ಮೂಲನಿವಾಸಿ ಜನರಿದ್ದಾರೆ. ತಮ್ಮ ಪೂರ್ವಿಕರು ಬಿಟ್ಟುಕೊಟ್ಟ ನೆಲಕ್ಕೆ ಪ್ರತಿಯಾಗಿ ಅವರಿಗೆ ಸರ್ಕಾರದಿಂದ ವರ್ಷಕ್ಕೊಮ್ಮೆ ತಲಾ ನಾಲ್ಕು ಡಾಲರ್ ವರ್ಷಾಶನ ಸಲ್ಲುತ್ತದೆ. ಇದನ್ನು ಹಂಚಲೆಂದೇ ಒಂದು ದಿನ ಗೊತ್ತುಮಾಡಿ, ಪಟ್ಟಿಯಲ್ಲಿ ಹೆಸರು ನೋಡಿ, ನಗದಾಗಿ ಕೈಗೆ ಕೊಡುವ ಪದ್ಧತಿಯೂ ಇದೆ. ಈ ನಾಲ್ಕು ಡಾಲರ್ ನಿಗದಿಯಾದದ್ದು 1875ರಲ್ಲಿ. 2024ರ ಜುಲೈನಲ್ಲಿ ಕೆನಡಾದ ಸುಪ್ರೀಂ ಕೋರ್ಟು ಇದರ ಬಗ್ಗೆ ತೀರ್ಪು ಕೊಟ್ಟಾಗಲೂ ಅದು ನಾಲ್ಕೇ ಆಗಿತ್ತು.

ಮೂಲನಿವಾಸಿಗಳೊಡನೆ ಆದ ಒಪ್ಪಂದಗಳ ಮಾತು ಬಂದಾಗಲೆಲ್ಲ ನಾವು ಅದನ್ನು ಮುಗಿದುಹೋದ ಅನ್ಯಾಯವೆಂದು ಮರುಗಿ ಸುಮ್ಮನಾಗುತ್ತೇವೆ. ಈ ಪ್ರಕರಣದಲ್ಲಿ ಹಾಗೆ ಮರುಗಿದರೆ ಸಾಲದು ಎಂಬುದು ನನ್ನ ವಾದ. ಇದು ಇನ್ನೂ ಜಾರಿಯಲ್ಲಿರುವ ಕರಾರು. ಇದರಲ್ಲಿ ಬಾಕಿ ಉಳಿಸಿಕೊಂಡವರು ಯಾರೆಂಬುದೂ ಸ್ಪಷ್ಟವಾಗಿದೆ.

1840ರ ದಶಕದ ನಡುವಿನಿಂದಲೇ ಆಗಿನ ಸರ್ಕಾರ ಸುಪೀರಿಯರ್ ದಂಡೆಯಲ್ಲಿ ಗಣಿಗಾರಿಕೆಗೆ ಪರವಾನಗಿ ಹಂಚತೊಡಗಿತ್ತು. ಅಲ್ಲಿದ್ದವರನ್ನು ಒಂದು ಮಾತು ಕೇಳಿರಲಿಲ್ಲ. ಅರ್ಜಿಗಳಿಂದ ಏನೂ ಆಗದೆ ಹೋದಾಗ, 1849ರ ನವೆಂಬರಿನಲ್ಲಿ ಶಿಂಗ್ವಾಕೋನ್ಸ್ ಮತ್ತು ನೆಬೆನೈಗೋಚಿಂಗ್ ಎಂಬ ಮುಖಂಡರು ತಮ್ಮ ಜನರನ್ನು ಕರೆದುಕೊಂಡು ಹೋಗಿ ಮೈಕಾ ಬೇ ಎಂಬಲ್ಲಿದ್ದ ತಾಮ್ರದ ಗಣಿಯನ್ನು ವಶಪಡಿಸಿಕೊಂಡರು. ಸರ್ಕಾರಕ್ಕೆ ಒಪ್ಪಂದದ ಅಗತ್ಯ ಮನವರಿಕೆಯಾದದ್ದು ಆಮೇಲೆ. ಮರುವರ್ಷದ ಸೆಪ್ಟೆಂಬರಿನಲ್ಲಿ ವಿಲಿಯಂ ಬೆಂಜಮಿನ್ ರಾಬಿನ್ಸನ್ ಎಂಬ ಪ್ರತಿನಿಧಿ ಸೂ ಸೇಂಟ್ ಮೇರಿಗೆ ಬಂದು, 7ನೆಯ ತಾರೀಖು ಸುಪೀರಿಯರ್ ಕಡೆಯವರೊಡನೆ, 9ನೆಯ ತಾರೀಖು ಹ್ಯೂರಾನ್ ಕಡೆಯವರೊಡನೆ ಸಹಿ ಮುಗಿಸಿದ.

ರಾಬಿನ್ಸನ್ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಮುಖಂಡರಲ್ಲಿ ಕೆಲವರು ತಲಾ ಹತ್ತು ಡಾಲರ್ ಕೇಳಿದ್ದರು. ಅವನು ಕೊಡಬಲ್ಲದ್ದು ಹ್ಯೂರಾನ್ ಕಡೆಯವರಿಗೆ ವರ್ಷಕ್ಕೆ ಒಟ್ಟು 600 ಪೌಂಡ್, ಅಂದರೆ ತಲಾ ಸುಮಾರು 1.70 ಡಾಲರ್ ಮಾತ್ರ. ಈ ಅಂತರವನ್ನು ತುಂಬಲು ಅವನು ಒಂದು ಷರತ್ತನ್ನು ಮುಂದಿಟ್ಟ. ಈ ನೆಲದ ಉತ್ಪತ್ತಿ ಹೆಚ್ಚಿ, ಸರ್ಕಾರ ನಷ್ಟವಿಲ್ಲದೆ ಕೊಡುವಂತಾದರೆ ವರ್ಷಾಶನವೂ ಹೆಚ್ಚುತ್ತದೆ. ಒಬ್ಬೊಬ್ಬರಿಗೆ ಸಲ್ಲುವುದು ಒಂದು ಪೌಂಡ್, ಅಂದರೆ ನಾಲ್ಕು ಡಾಲರ್ ಮೀರಬಾರದು, ಆದರೆ ಬ್ರಿಟನ್ನಿನ ರಾಣಿಯವರು ಕೃಪೆದೋರಿ ಅದಕ್ಕಿಂತ ಹೆಚ್ಚು ಕೊಡಲು ಆಜ್ಞಾಪಿಸಬಹುದು. ನಾಳಿನ ಗಳಿಕೆಯಲ್ಲಿ ಪಾಲು ಸಿಗುತ್ತದೆಂಬ ಈ ಭರವಸೆ ಇಲ್ಲದಿದ್ದರೆ ಅಷ್ಟು ಅಲ್ಪ ಮೊತ್ತಕ್ಕೆ ಅಷ್ಟು ದೊಡ್ಡ ಸೀಮೆಯನ್ನು ಯಾರೂ ಬಿಟ್ಟುಕೊಡುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಉತ್ಪತ್ತಿಗೇನೂ ಕಡಿಮೆಯಾಗಲಿಲ್ಲ. 1883ರಲ್ಲಿ ರೈಲುಮಾರ್ಗ ಹಾಕುವಾಗ ಸಡ್ಬರಿಯಲ್ಲಿ ಬೆಳಕಿಗೆ ಬಂದ ಅದಿರಿನಿಂದ ಆ ಊರು ಜಗತ್ತಿನ ದೊಡ್ಡ ನಿಕ್ಕೆಲ್ ಕೇಂದ್ರಗಳಲ್ಲಿ ಒಂದಾಯಿತು. ಎಲಿಯಟ್ ಲೇಕಿನಲ್ಲಿ ಯುರೇನಿಯಂ ಸಿಕ್ಕಿತು, ಮರಮುಟ್ಟಿನ ವ್ಯಾಪಾರವಂತೂ ಸರಿಯೇ ಸರಿ. ವರ್ಷಾಶನ ಮಾತ್ರ 1875ರಲ್ಲಿ ನಾಲ್ಕು ಡಾಲರಿಗೆ ಏರಿ ಅಲ್ಲೇ ನಿಂತಿತು. ಅಷ್ಟು ಏರಿಸಿದ್ದಕ್ಕೇ, ಅದರ ಖರ್ಚು ಯಾರ ತಲೆಗೆ ಎಂದು ಕೇಂದ್ರ ಮತ್ತು ಪ್ರಾಂತ್ಯ ಸರ್ಕಾರಗಳು 1890ರ ದಶಕದಲ್ಲಿ ಆಗ ಕೆನಡಾಕ್ಕೂ ಕಡೆಯ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ಜಗಳವಾಡಿದವು. ಅಲ್ಲಿ ಒಂಟಾರಿಯೋ ಗೆದ್ದಿತು. ನೆಲದ ಆದಾಯ ಪ್ರಾಂತ್ಯದ ಬೊಕ್ಕಸಕ್ಕೆ ಹೋಗುತ್ತಿತ್ತು, ವರ್ಷಾಶನ ಕೊಡುವ ಹೊಣೆ ಒಟ್ಟಾವಾದ ಕೇಂದ್ರ ಸರ್ಕಾರದ ಮೇಲೆ ಬಿತ್ತು. ಏರಿಸುವ ಗರಜು ಇಬ್ಬರಿಗೂ ಇರಲಿಲ್ಲ. ಷರತ್ತಿನ ಅರ್ಥ ಯಾರಿಗೂ ತಿಳಿದಿರಲಿಲ್ಲ ಎಂಬ ನೆಪವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ರಾಣಿಯ ಕೃಪೆಯೆಂದರೆ ಕೊಟ್ಟರೂ ಸರಿ, ಬಿಟ್ಟರೂ ಸರಿ ಎಂಬುದು ಒಂಟಾರಿಯೋದ ವಾದವಾಗಿತ್ತು. ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಏರಿಸಬೇಕೇ, ಎಷ್ಟು ಏರಿಸಬೇಕು ಎಂಬುದನ್ನು ಕಾಲಕಾಲಕ್ಕೆ ಪ್ರಾಮಾಣಿಕವಾಗಿ ಪರಿಶೀಲಿಸುವುದು ಸರ್ಕಾರದ ಕರ್ತವ್ಯವೆಂದೂ, ಸುಮಾರು ಒಂದೂವರೆ ಶತಮಾನ ಕಾಲ ಅನಿಷಿನಾಬೆ ಜನರ ಕೈಯಲ್ಲಿ ಉಳಿದದ್ದು ಭರವಸೆಯ ಖಾಲಿ ಚಿಪ್ಪು ಮಾತ್ರವೆಂದೂ ಹೇಳಿತು. ಇಷ್ಟು ಸ್ಪಷ್ಟವಾಗಿ ಹೇಳಿದ ನ್ಯಾಯಾಲಯ ಮುಂದೆ ಮಾಡಿದ್ದನ್ನು ಮಾತ್ರ ನಾನು ಮೆಚ್ಚಲಾರೆ. ಸುಪೀರಿಯರ್ ಕಡೆಯವರೊಡನೆ ಆರು ತಿಂಗಳೊಳಗೆ ಮಾತುಕತೆ ನಡೆಸಿ, ಒಮ್ಮತ ಬಾರದಿದ್ದರೆ ಸರ್ಕಾರವೇ ಪರಿಹಾರದ ಮೊತ್ತವನ್ನು ನಿರ್ಧರಿಸಲಿ, ಬೇಕಿದ್ದರೆ ಅದನ್ನು ಕೋರ್ಟು ಮತ್ತೆ ಪರಿಶೀಲಿಸಲಿ ಎಂದಿತು. ವರ್ಷಗಟ್ಟಲೆ ಬಾಕಿ ಉಳಿಸಿದ ಸಾಲಗಾರನ ಕೈಗೇ ಲೆಕ್ಕದ ಪುಸ್ತಕ ಕೊಟ್ಟಂತಾಯಿತು. ಸುಪೀರಿಯರ್ ಕಡೆಯವರ ಪರವಾಗಿ ಸಾಕ್ಷ್ಯ ಹೇಳಿದ ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ ಅವರ ಅಂದಾಜು 12,600 ಕೋಟಿ ಡಾಲರ್. ಎರಡೂ ಸರ್ಕಾರಗಳು ಸೇರಿ 2025ರ ಜನವರಿಯಲ್ಲಿ ನಿರ್ಧರಿಸಿದ್ದು 360 ಕೋಟಿ. ಮೊದಲನೆಯದು ಅತಿಯಾಗಿರಬಹುದು. ಆದರೆ ಎರಡನೆಯದು ಹೇಗೆ ಬಂತೆಂಬುದನ್ನು ಪೈಸೆ ಪೈಸೆ ಬಿಡಿಸಿ ತೋರಿಸಬೇಕಾದವರು ಸರ್ಕಾರದವರೇ.

1850ರ ಕರಾರಿಗೆ ಇಂದಿನ ತೆರಿಗೆದಾರ ಏಕೆ ಹಣ ತೆರಬೇಕು ಎಂಬ ಪ್ರಶ್ನೆ ಅಲ್ಲಿ ಕೇಳಿಬರುತ್ತದೆ. ಒಂಟಾರಿಯೋದಲ್ಲಿ ನೆಲೆಸಿದ ನಮ್ಮ ಕನ್ನಡಿಗರೂ ಆ ತೆರಿಗೆದಾರರಲ್ಲಿ ಸೇರಿದವರು. ಅಲ್ಲಿನ ಗಣಿ ಮತ್ತು ಕಾಡಿನ ಮೇಲೆ ಪ್ರಾಂತ್ಯ ಸಾಧಿಸುವ ಹಕ್ಕು ಬಂದದ್ದೂ ಅದೇ 1850ರ ಕಾಗದದಿಂದಲೇ. ಹಕ್ಕಿಗೆ ಕಾಗದ ಊರ್ಜಿತವೆಂದು, ಕೊಡುವ ಹಣಕ್ಕೆ ಮಾತ್ರ ಅದು ಹಳತಾಯಿತೆಂದು ಹೇಳಲು ಬರುವುದಿಲ್ಲ. ಶಾಲೆಯ ಸಮಾರಂಭಗಳಲ್ಲಿ ಈ ನೆಲ ಯಾರದೆಂದು ಸ್ಮರಿಸುವ ಹೇಳಿಕೆಯನ್ನು ಓದುವುದು ಒಳ್ಳೆಯದೇ. ಅದಕ್ಕೆ ಖರ್ಚೇನೂ ಇಲ್ಲ.

ಹ್ಯೂರಾನ್ ಕಡೆಯ 21 ಸಮುದಾಯಗಳಿಗೆ 2023ರಲ್ಲಿ ಘೋಷಿಸಲಾದ ಸಾವಿರ ಕೋಟಿ ಡಾಲರ್ ಪರಿಹಾರವೂ ಹಿಂದಿನ ಬಾಕಿಗೆ ಸಂಬಂಧಿಸಿದ್ದು. ಮುಂದಿನ ವರ್ಷಾಶನ ಎಷ್ಟೆಂಬುದನ್ನು ಬೇರೆಯಾಗಿಯೇ ಗೊತ್ತುಮಾಡಬೇಕು. ಇಲ್ಲಿ ದೊಡ್ಡ ಮೊತ್ತದ ಒಂದೇ ಚೆಕ್ಕಿಗಿಂತ ಸಣ್ಣ ಏರ್ಪಾಡೊಂದು ಮುಖ್ಯವೆಂದು ನನಗೆ ಕಾಣುತ್ತದೆ: ಆ ಸೀಮೆಯ ಗಣಿ, ಕಾಡು ಮತ್ತು ನೆಲದಿಂದ ಸರ್ಕಾರಕ್ಕೆ ಬಂದ ಆದಾಯವನ್ನೂ ಅದಕ್ಕಾದ ಖರ್ಚನ್ನೂ ವರ್ಷವರ್ಷವೂ ಪ್ರಕಟಿಸಬೇಕು, ಆ ಲೆಕ್ಕವನ್ನು ತನಿಖೆ ಮಾಡುವ ಮೇಜಿನಲ್ಲಿ ಅನಿಷಿನಾಬೆ ಪ್ರತಿನಿಧಿಗಳಿಗೆ ಸಮಾನ ಸ್ಥಾನವಿರಬೇಕು, ಮತ್ತು ಮುಂದಿನ ಸಾಲಿನ ವರ್ಷಾಶನ ಆ ಲೆಕ್ಕದಿಂದಲೇ ನಿರ್ಧಾರವಾಗಬೇಕು.