ಕುಂಡಕ್ಕೆ ಬೂದಿ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ನೀವು ಬರೆದುಕೊಟ್ಟ ಚೀಟಿಗಳನ್ನು ಓದಿದೆ. ಹೆಚ್ಚಿನವರ ಪ್ರಶ್ನೆ ಒಂದೇ: "ಎಲೆ ಹಳದಿ ಆಗ್ತಿದೆ, ಏನು ಹಾಕಬೇಕು?" ಮೊದಲು ನಾನು ಕೇಳುತ್ತೇನೆ, ಯಾವ ಎಲೆ? ಕೆಳಗಿನ ಹಳೇ ಎಲೆಯೋ, ತುದಿಯ ಎಳೇ ಎಲೆಯೋ?

ಕೆಳಗಿನ ಎಲೆ ಹಳದಿಯಾಗಿ, ಮಣ್ಣೂ ಹಸಿಯಾಗಿದ್ದರೆ ಬಹುತೇಕ ನೀರು ಜಾಸ್ತಿ ಆಗಿದೆ. ನಳ ದಿನ ಬಿಟ್ಟು ಬರುವ ಓಣಿಗಳಲ್ಲಿ ಏನಾಗುತ್ತದೆ ಗೊತ್ತಲ್ವಾ? ಕೊಡ, ಡ್ರಮ್ ಎಲ್ಲ ತುಂಬಿದ ಮೇಲೆ ಪೈಪು ಗಿಡದ ಕಡೆ ತಿರುಗುತ್ತದೆ. ಮನಿಪ್ಲಾಂಟಿಗೆ ಅವತ್ತು ನೀರು ಬೇಕಿತ್ತೋ ಇಲ್ಲವೋ, ಕೇಳುವವರು ಯಾರು! ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ತಂಪು ಹತ್ತಿದರೆ ಆ ದಿನ ನೀರು ಬೇಡ.

ಹೊಲದ ಎರೆ ಮಣ್ಣನ್ನೇ, ಅಂದರೆ ಕಪ್ಪು ಮಣ್ಣನ್ನೇ, ಕುಂಡಕ್ಕೆ ತುಂಬುವವರೂ ಇದ್ದಾರೆ. ಹತ್ತಿಗೆ, ಕಡಲೆಗೆ ಅದು ಬಂಗಾರ. ಕುಂಡದಲ್ಲಿ ಮಾತ್ರ ಅದು ನೀರು ಹೀರಿ ಉಬ್ಬುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದರೆ ಬಿರುಕು ಬಿಟ್ಟು, ಹಾಕಿದ ನೀರು ಅಂಚಿನಿಂದ ಸುಮ್ನೆ ಇಳಿದು ಹೋಗುತ್ತದೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ, ಒಂದು ಪಾಲು ಉಸುಕು ಕಲಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಈಗ ಎಳೇ ಎಲೆಯ ವಿಷಯ. ಎಲೆ ಹಳದಿ, ನರ ಮಾತ್ರ ಹಸಿರು. ದಾಸವಾಳ, ಗುಲಾಬಿ, ನಿಂಬೆಯಲ್ಲಿ ಇದನ್ನು ಜಾಸ್ತಿ ನೋಡುತ್ತೀರಿ. ಇದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶವೂ ಇದೆ. ಎಷ್ಟೋ ಕಡೆ ಇದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8 ದಾಟುತ್ತದೆ; ಅಂದರೆ ಮಣ್ಣು ಕ್ಷಾರದ್ದು. ಅಂಥ ಕಡೆ ಬೇರಿಗೆ ಕಬ್ಬಿಣ ಎಳೆದುಕೊಳ್ಳಲು ಆಗುವುದಿಲ್ಲ.

ಮೊಬೈಲಿನ ಮನೆಮದ್ದುಗಳ ಜೊತೆ ನನ್ನ ಜಗಳ ಇರುವುದು ಇಲ್ಲೇ. ಒಲೆ ಬೂದಿ ಹಾಕಿ, ಮೊಟ್ಟೆ ಚಿಪ್ಪು ಹಾಕಿ, ಸುಣ್ಣದ ನೀರು ಹಾಕಿ ಅಂತಾರೆ. ಮೂರರಲ್ಲೂ ಸುಣ್ಣದ ಅಂಶವೇ. ಮಲೆನಾಡಿನ ಜೋರು ಮಳೆಗೆ ತೊಳೆದುಹೋದ ಹುಳಿ ಮಣ್ಣಿಗೆ ಬೂದಿ ಒಳ್ಳೆಯದೇ. ನಮ್ಮಲ್ಲಿ ಮೊದಲೇ ಸುಣ್ಣ ಇದೆ. ಮೇಲೆ ಇನ್ನಷ್ಟು ಹಾಕಿದರೆ ಎಲೆ ಮತ್ತಷ್ಟು ಹಳದಿಯಾಗುತ್ತದೆ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವ ಅಜ್ಜಿಯರ ರೂಢಿ ಈ ಮಣ್ಣಿಗೆ ಹೆಚ್ಚು ಹೊಂದುತ್ತದೆ. ಉಪ್ಪು ಹಾಕಿರಬಾರದು, ನೀರು ಬೆರೆಸಿ ತೆಳ್ಳಗೆ ಮಾಡಿರಬೇಕು, ಅಷ್ಟೇ. ಅದರ ಪರಿಣಾಮ ಸಣ್ಣದು, ಬಹಳ ದಿನ ಉಳಿಯುವುದೂ ಇಲ್ಲ.

ಕೊರತೆ ಜೋರಾಗಿದ್ದರೆ ಗೊಬ್ಬರದ ಅಂಗಡಿಯಿಂದ ಫೆರಸ್ ಸಲ್ಫೇಟ್ (ಕಬ್ಬಿಣ ಕೊಡುವ ಲವಣ) ತನ್ನಿ. ಒಂದು ಲೀಟರ್ ನೀರಿಗೆ 5 ಗ್ರಾಂ, ನಾಲ್ಕು ಹನಿ ನಿಂಬೆರಸ. ಸಂಜೆ ಎಲೆಗಳಿಗೆ ಸಿಂಪಡಿಸಿ. ಕುಂಡವನ್ನು ಅಂಗಳಕ್ಕೆ ಒಯ್ದು ಮಾಡಿ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಕೂಡುತ್ತದೆ.

ಚಹಾ ಪುಡಿ ಹಾಕಬಹುದಾ ಅಂತ ಒಬ್ಬರು ಕೇಳಿದ್ದಾರೆ. ನಮ್ಮ ಚಹಾ ಹಾಲು, ಸಕ್ಕರೆ ಹಾಕಿ ಕುದಿಸಿದ್ದು. ತೊಳೆಯದೆ ಹಾಕಿದರೆ ಗಿಡಕ್ಕಿಂತ ಮೊದಲು ಇರುವೆಗೆ ಊಟ. ತೊಳೆದು, ಒಣಗಿಸಿ, ಒಂದು ಹಿಡಿಯಷ್ಟು ಪುಡಿಯನ್ನು ಕುಂಡದ ಮಣ್ಣಿಗೆ ಕಲಸಿ.

ದಾಸವಾಳದ ತುದಿಯಲ್ಲಿ ಹತ್ತಿಯಂಥ ಬಿಳಿ ಹುಳ ಕಂಡರೆ ಅದು ಹಿಟ್ಟು ತಿಗಣೆ. ತೀರಾ ಮುದುಡಿದ ತುದಿಯನ್ನು ಕತ್ತರಿಸಿ ದೂರ ಎಸೆಯಿರಿ. ಉಳಿದದ್ದನ್ನು ಜೋರಾದ ನೀರಿನಿಂದ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ, ಎಲೆಯ ಕೆಳಭಾಗಕ್ಕೂ ಹೊಡೆಯಿರಿ. ಬಿಸಿಲಿನಲ್ಲಿ ಬೇಡ. ವಾರ ಬಿಟ್ಟು ಮತ್ತೊಮ್ಮೆ ಹೊಡೆಯಿರಿ. ಇರುವೆ ಸಾಲನ್ನೂ ತಡೆಯಿರಿ. ಹುಳ ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅದನ್ನು ಕಾಯುತ್ತವೆ.

ಕೊನೆಯ ಚೀಟಿ: ಮನೆಯೊಳಗಿನ ಗಿಡ ಗಾಳಿ ಶುದ್ಧ ಮಾಡುತ್ತದಾ? ಈ ಮಾತು ಹೆಚ್ಚಾಗಿ ಹಬ್ಬಿದ್ದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ 1989ರ ಪ್ರಯೋಗದಿಂದ. ಅದು ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ಕಿಟಕಿ, ಬಾಗಿಲು ಇರುವ ಮನೆಯಲ್ಲಿ ನಾಲ್ಕು ಕುಂಡಗಳಿಂದ ಅಂಥ ಫಲ ಸಿಗುವುದಿಲ್ಲ. ಚೆಂದಕ್ಕೆ ಇಡಿ, ಕಿಟಕಿ ತೆರೆಯಿರಿ. ಎಲೆ ತಂದವರು ಈಗ ಮುಂದೆ ಬನ್ನಿ, ಒಂದೊಂದೇ ನೋಡೋಣ.