ಮಗುವನ್ನು ಬಾಲಮಂದಿರಕ್ಕೆ ಕಳುಹಿಸುವ ಮುನ್ನ ಮನೆ ಬಾಗಿಲಿಗೆ ಬರುವವರು

[ದೃಶ್ಯ: ನಿರೂಪಕರು, ಹಿಂದೆ ಖಾಲಿ ಬಿಳಿ ಹಲಗೆ]

ನಮಸ್ಕಾರ. ನಮ್ಮ ವೀಕ್ಷಕರಾದ ಶಿಕ್ಷಕಿಯೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರ ತರಗತಿಯಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗಿ ಇದ್ದಾಳೆ. ತಾಯಿ ಕೂಲಿಗೆ ಹೋಗುತ್ತಾರೆ, ಮನೆಯಲ್ಲಿ ಎರಡು ವರ್ಷದ ತಮ್ಮನಿದ್ದಾನೆ, ಹುಡುಗಿ ವಾರದಲ್ಲಿ ಎರಡು ದಿನ ಬಂದರೆ ಹೆಚ್ಚು. "ಅವಳನ್ನು ಬಾಲಮಂದಿರಕ್ಕೆ ಸೇರಿಸಿದರೆ ಊಟವೂ ಓದೂ ಸಿಗುತ್ತದಲ್ಲವೇ?" ಎಂದು ಅವರು ಕೇಳಿದ್ದಾರೆ.

ಕಾನೂನು ಇದಕ್ಕೆ ಉತ್ತರ ಹೇಳಿದೆ. ಮಗುವಿನ ಆರೈಕೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕೊನೆಯ ಕ್ರಮ ಎಂಬುದು 2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ನಿನ ತತ್ವ. ಆದರೆ ಆ ಕೊನೆಯ ಕ್ರಮಕ್ಕೆ ಮುಂಚಿನ ದಾರಿಗಳನ್ನು ಯಾರು, ಹೇಗೆ ಹುಡುಕುತ್ತಾರೆ ಎಂಬುದೇ ನನ್ನನ್ನು ಕಾಡಿದ ವಿಷಯ.

ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತರೂ ಔಟ್‌ರೀಚ್ ಕಾರ್ಯಕರ್ತರೂ ಇರುತ್ತಾರೆ. ಮನೆಗೆ ಭೇಟಿ ಕೊಟ್ಟು, ಅಲ್ಲಿನ ಸ್ಥಿತಿಗತಿಯನ್ನು, ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡುವುದು ಅವರ ಕೆಲಸ. ವರದಿ ಎಂದಾಗ ನಮೂನೆ ತುಂಬುವುದಷ್ಟೇ ಕಣ್ಣಿಗೆ ಬರುತ್ತದೆ, ಆದರೆ ಸಮಾಜಕಾರ್ಯದ ತರಬೇತಿಯಲ್ಲಿ ಕಲಿಸುವ ಒಂದು ಚಿತ್ರ ಈ ಕೆಲಸದ ನಿಜವಾದ ಕಸುಬನ್ನು ತೋರಿಸುತ್ತದೆ.

[ದೃಶ್ಯ: ಹಲಗೆಯ ನಡುವೆ ದೊಡ್ಡ ವೃತ್ತ, ಸುತ್ತ ಸಣ್ಣ ವೃತ್ತಗಳು]

ಇದರ ಹೆಸರು ಇಕೋಮ್ಯಾಪ್. ಅಮೆರಿಕದ ಸಮಾಜಕಾರ್ಯ ತಜ್ಞೆ ಆ್ಯನ್ ಹಾರ್ಟ್‌ಮನ್ 1975ರಲ್ಲಿ ಇದನ್ನು ರೂಪಿಸಿದರು. ವಂಶವೃಕ್ಷ ಯಾರಿಗೆ ಯಾರು ಏನಾಗಬೇಕು ಎಂದು ಹೇಳಿದರೆ, ಈ ಚಿತ್ರ ಕಷ್ಟಕಾಲದಲ್ಲಿ ಕರೆದರೆ ಯಾರು ಬರುತ್ತಾರೆ ಎಂದು ಹೇಳುತ್ತದೆ. ನಡುವಿನ ವೃತ್ತದಲ್ಲಿ ಕುಟುಂಬವಿರುತ್ತದೆ. ಸುತ್ತಲಿನ ವೃತ್ತಗಳಲ್ಲಿ ತವರುಮನೆ, ಶಾಲೆ, ಅಂಗನವಾಡಿ, ಸ್ವಸಹಾಯ ಸಂಘ, ನ್ಯಾಯಬೆಲೆ ಅಂಗಡಿ, ಸಾಲ ಕೊಟ್ಟವರು ಇರುತ್ತಾರೆ. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ಸಡಿಲ ಸಂಬಂಧಕ್ಕೆ ಚುಕ್ಕಿ ಗೆರೆ, ಜಗಳ ಅಥವಾ ಒತ್ತಡವಿದ್ದರೆ ಅಡ್ಡಗೀಟುಗಳಿರುವ ಗೆರೆ. ಶಕ್ತಿ ಯಾವ ಕಡೆಗೆ ಹರಿಯುತ್ತಿದೆ ಎಂದು ಬಾಣದ ಗುರುತು ತಿಳಿಸುತ್ತದೆ.

ಈಗ ಶಿಕ್ಷಕಿ ಹೇಳಿದ ಮನೆಯನ್ನೇ ಹೀಗೆ ಬರೆದು ನೋಡೋಣ. ತವರಿನಿಂದ ಆಗಾಗ ಅಕ್ಕಿ ಬರುತ್ತದೆ, ಪಡಿತರವೂ ಸಿಗುತ್ತಿದೆ ಎಂದುಕೊಳ್ಳಿ. ಆಗ ಆ ಎರಡು ಬಾಣಗಳು ಮನೆಯ ಕಡೆಗಿವೆ. ಸಾಲದ ವಾರದ ಕಂತಿನ ಬಾಣ ಹೊರಕ್ಕೇ ಹೋಗುತ್ತದೆ. ಅಂಗನವಾಡಿಯ ಗೆರೆಯ ಬಳಿ ಮಾತ್ರ ಪೆನ್ನು ಹಿಡಿದ ಕೈ ನಿಲ್ಲುತ್ತದೆ. ಅಲ್ಲಿನ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದ ಮಕ್ಕಳಿಗೆ, ಈ ಹುಡುಗನಿಗಿನ್ನೂ ಎರಡು. ತಾಯಿ ಕೂಲಿಗೆ ಹೋದ ದಿನ ಅವನನ್ನು ನೋಡಿಕೊಳ್ಳುವವರ ವೃತ್ತವೇ ಚಿತ್ರದಲ್ಲಿಲ್ಲ. ಆ ಖಾಲಿ ಜಾಗದಲ್ಲಿ ಅಕ್ಕ ನಿಂತಿದ್ದಾಳೆ. ಹಾಗಾದರೆ ಅವಳನ್ನು ಶಾಲೆಯಿಂದ ದೂರವಿಟ್ಟದ್ದು ಹಸಿವಲ್ಲ, ತಮ್ಮ. ಅವಳನ್ನು ಬಾಲಮಂದಿರಕ್ಕೆ ಕಳುಹಿಸಿದರೆ ಹುಡುಗಿಗೆ ತಾಯಿ ಇಲ್ಲವಾಗುತ್ತಾರೆ, ತಮ್ಮನಿಗೆ ಅಕ್ಕನೂ ಇಲ್ಲವಾಗುತ್ತಾಳೆ, ತಾಯಿ ಕೂಲಿಯನ್ನೂ ಬಿಡಬೇಕಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಇಂತಹ ಹಾನಿ ಆಗಬಹುದು ಎಂಬುದು ನನ್ನನ್ನು ತುಂಬ ಕಲಕಿದೆ.

ಕರ್ನಾಟಕದಲ್ಲಿ ಆ ಖಾಲಿ ವೃತ್ತಕ್ಕೆ ಬರೆಯಬಹುದಾದ ಒಂದು ಹೆಸರಿದೆ: ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಇವನ್ನು ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ತಮ್ಮನಿಗೆ ಅಲ್ಲಿ ಜಾಗ ಸಿಕ್ಕಿದರೆ ಅಕ್ಕನ ಶಾಲೆಯ ಬಾಗಿಲು ತೆರೆದಂತೆಯೇ.

[ದೃಶ್ಯ: ಗಡಿಯಾರ]

ಸಮಯ ಕಡಿಮೆ ಇರುವುದರಿಂದ ಉಳಿದುದನ್ನು ಒಟ್ಟಿಗೆ ಹೇಳುತ್ತೇನೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ, ಅಂದರೆ ಮಗು ಮನೆಯಲ್ಲೇ ಉಳಿಯಲು ಕೊಡುವ ಹಣದ ನೆರವಿನಡಿ, ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ; ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಇದಕ್ಕೂ ವಿಧವಾ ವೇತನಕ್ಕೂ ಗಂಡನ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಬೇಕು, ನಾಡಕಚೇರಿಗೆ ಹೋದ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಆದ್ದರಿಂದ ಜೊತೆಯಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವುದೂ ಈ ಕಾರ್ಯಕರ್ತರ ಕೆಲಸವೇ ಎಂದು ನಾನು ತಿಳಿಯುತ್ತೇನೆ. ಆದರೆ ಯೋಜನೆಯ ಸಿಬ್ಬಂದಿ ಮಾದರಿಯಲ್ಲಿ ಇಡೀ ಜಿಲ್ಲಾ ಘಟಕಕ್ಕೆ ಇರುವವರು ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಔಟ್‌ರೀಚ್ ಕಾರ್ಯಕರ್ತರು. ಈ ಸಂಖ್ಯೆ ಹೆಚ್ಚಲೇಬೇಕು. ಇನ್ನು, ಮನೆಯೊಳಗೇ ಹೊಡೆತ ಅಥವಾ ಲೈಂಗಿಕ ದೌರ್ಜನ್ಯವಿದ್ದರೆ ಮಾತು ಬೇರೆ. ಅಲ್ಲಿ ಮಗುವಿನ ಸುರಕ್ಷತೆಯೇ ಮೊದಲು.

ಪ್ರಶ್ನೆ ಕೇಳಿದ ಮೇಡಂ, ಹಾಜರಿ ಪುಸ್ತಕದಲ್ಲಿ ಆ ಹುಡುಗಿ ಬಾರದ ದಿನಗಳನ್ನು ಗುರುತು ಮಾಡಿಟ್ಟುಕೊಳ್ಳಿ, ಮನೆ ಭೇಟಿಗೆ ಬರುವವರಿಗೆ ಅದು ನೆರವಾಗುತ್ತದೆ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ಕರೆ ಮಾಡಿದಾಗ ತಮ್ಮನ ವಯಸ್ಸನ್ನೂ ತಪ್ಪದೆ ಹೇಳಿ.