ಹೊಲ ಇಲ್ಲದವರಿಗೂ ಕೃಷಿಯಲ್ಲಿ ಜಾಗ ಬೇಕು

ಇವತ್ತು ಒಬ್ಬ ಹುಡುಗನ ವಿಷಯದಿಂದ ಶುರು ಮಾಡುತ್ತೇನೆ. ಹೆಸರು ಎಡ್ಮಂಡ್. 1841ರಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಅವನಿಗೆ 12 ವರ್ಷ. ಗುಲಾಮನಾಗಿ ಹುಟ್ಟಿದವನು, ಶಾಲೆಯ ಮುಖ ನೋಡಿದವನಲ್ಲ.

ಅಲ್ಲಿ ವೆನಿಲ್ಲಾ ಬಳ್ಳಿ ಹೂ ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಮೂಲತಃ ಮೆಕ್ಸಿಕೋ ಕಡೆಯ ಬಳ್ಳಿ ಅದು, ಪರಾಗಸ್ಪರ್ಶ ಮಾಡುವ ಅಲ್ಲಿನ ಕೀಟ ಈ ದ್ವೀಪದಲ್ಲಿ ಇರಲಿಲ್ಲ. ಹೂ ಅರಳಿರುವುದೂ ಒಂದೇ ದಿನ, ಅದೂ ಕೆಲವೇ ಗಂಟೆ. ಎಡ್ಮಂಡ್ ಏನು ಮಾಡಿದ ಗೊತ್ತಾ? ಎಸಳು ಬಿಡಿಸಿ, ಹೂವಿನ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಇರುವ ತೆಳು ಪೊರೆಯನ್ನು ಸಣ್ಣ ಕಡ್ಡಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲಗೆ ಒತ್ತಿದ. ಅಷ್ಟೇ. ಇವತ್ತಿಗೂ ವೆನಿಲ್ಲಾ ತೋಟಗಳಲ್ಲಿ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಅದರಿಂದ ದೊಡ್ಡ ಉದ್ಯಮವೇ ಬೆಳೆಯಿತು. ಅವನು ಮಾತ್ರ 1880ರಲ್ಲಿ ಬಡವನಾಗಿಯೇ ಸತ್ತ.

ಇದು ನನ್ನನ್ನು ಕಾಡುತ್ತದೆ, ಯಾಕೆಂದರೆ ಈಗಲೂ ಕಥೆ ಪೂರ್ತಿ ಬದಲಾಗಿಲ್ಲ. ಹೊಲದಲ್ಲಿ, ಪ್ಯಾಕಿಂಗ್ ಶೆಡ್‌ನಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವರು ಜಾಸ್ತಿ ವಲಸೆ ಬಂದವರು, ಜಮೀನಿಲ್ಲದವರು. ಲ್ಯಾಬ್‌ನಲ್ಲಿ, ಆಫೀಸಿನಲ್ಲಿ ಕೂತು ತೀರ್ಮಾನ ಮಾಡುವವರು ಬೇರೆ. ಆಮೇಲೆ ಯುವಜನರಿಗೆ ಕೃಷಿಯಲ್ಲಿ ಆಸಕ್ತಿ ಇಲ್ಲ ಅಂತ ಗೊಣಗುತ್ತೇವೆ. ಅಪ್ಪ ಅಮ್ಮ ಬೆನ್ನು ಬಗ್ಗಿಸಿ ದುಡಿದರೂ ಮರ್ಯಾದೆ ಸಿಗದ್ದನ್ನು ಕಣ್ಣಾರೆ ಕಂಡ ಹುಡುಗಿ ಆ ದಾರಿಯನ್ನು ಯಾಕೆ ಹಿಡಿಯಬೇಕು, ಹೇಳಿ?

ಅವಳಿಗೆ ಸುಮ್ನೆ ಟ್ರ್ಯಾಕ್ಟರ್ ಮುಂದೆ ನಗುವವರ ಪೋಸ್ಟರ್ ತೋರಿಸಬೇಡಿ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ ಕೊಡಿ. ಒಂದಕ್ಕೆ ಪದೇ ಪದೇ ಉತ್ತ ಹೊಲದ ಒಣ ಹೆಂಟೆ, ಇನ್ನೊಂದಕ್ಕೆ ವರ್ಷಗಟ್ಟಲೆ ಹುಲ್ಲು ಬೆಳೆದ ಜಾಗದ ಒಣ ಹೆಂಟೆ ಇಳಿಬಿಡಲಿ. ಸಾಮಾನ್ಯವಾಗಿ ಮೊದಲನೆಯದು ನೋಡನೋಡುತ್ತಲೇ ಕರಗಿ ಕೆಸರಾಗುತ್ತದೆ, ಎರಡನೆಯದು ಗಟ್ಟಿಯಾಗಿ ಕೂತಿರುತ್ತದೆ. ಬೇರು, ಶಿಲೀಂಧ್ರ, ಸೂಕ್ಷ್ಮಜೀವಿಗಳು ಬಿಟ್ಟ ಅಂಟು ಅದನ್ನು ಹಿಡಿದಿಟ್ಟಿರುತ್ತದೆ. ಯಾಕೆ ಹೀಗೆ ಅಂತ ಅವಳು ಕೇಳಿದಳೋ, ಮಣ್ಣಿನ ವಿಜ್ಞಾನಕ್ಕೆ ಕಾಲಿಟ್ಟಂತೆಯೇ ಅಲ್ವಾ? ಅದಕ್ಕೆ ಸ್ವಂತ ಜಮೀನು ಬೇಕಿಲ್ಲ. ಬೀಜ ಪರೀಕ್ಷೆ, ಕೋಲ್ಡ್ ಸ್ಟೋರೇಜ್, ಆಹಾರ ಸುರಕ್ಷತೆ, ಪಂಪ್ ರಿಪೇರಿ, ಇವಕ್ಕೂ ಬೇಕಿಲ್ಲ.

ಆದರೆ ಆಸೆ ಹುಟ್ಟಿಸಿ ಕೈಬಿಟ್ಟರೆ ಅದು ಮೋಸ. ಸಂಬಳ ಇಲ್ಲದ ಇಂಟರ್ನ್‌ಶಿಪ್ ಇದೆಯಲ್ಲ, ಅದರ ಮೇಲೆ ನನಗೆ ತುಂಬಾ ಸಿಟ್ಟು. ಮೂರು ತಿಂಗಳು ದುಡ್ಡಿಲ್ಲದೆ ನಡೆಸಬಲ್ಲ ಮನೆಯ ಮಕ್ಕಳು ಒಳಗೆ ಬರುತ್ತಾರೆ, ಉಳಿದವರು ಬಾಗಿಲಿನಿಂದಲೇ ವಾಪಸ್. ಸಂಬಳ ಕೊಡಿ, ಓಡಾಟದ ಖರ್ಚು ಕೊಡಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಕೊಡಿ. ಮನೆಯವರ ಜೊತೆ ಕೊಯ್ಲಿಗೆ ಹೋಗಿ ಕಲಿತದ್ದನ್ನೂ ಅರ್ಜಿಯಲ್ಲಿ ಅನುಭವ ಅಂತ ಬರೆಯಲು ಜಾಗ ಬಿಡಿ. ಹಣ್ಣನ್ನು ಮುಟ್ಟಿ ನೋಡಿಯೇ ಇನ್ನೆರಡು ದಿನ ಬಿಟ್ಟು ಕೊಯ್ಯಿ ಅನ್ನಬಲ್ಲ ಹುಡುಗನನ್ನು, ನಿನಗೆ ಅನುಭವ ಇಲ್ಲ ಅಂತ ವಾಪಸ್ ಕಳಿಸಿದ್ದನ್ನು ನಾನು ನೋಡಿದ್ದೇನೆ.